ಎರಡು ಮನೆ ನಡುವಿನ ಅವರೆ

2023, ಜೂನ್ 3, ಶನಿವಾರ

ಕೇಸಿನ ಮಾತು ಮನೆಯೊಳಗೆ ಆಡಕೂಡದೆಂದು ಜಯಾ ಅಪ್ಪಣೆ ಮಾಡಿದ್ದಾಳೆ. ಊಟದ ಹೊತ್ತಿಗೆ ಇಲ್ಲ, ಕಾಫಿಯ ಹೊತ್ತಿಗೆ ಇಲ್ಲ, ಕಾರಿನಲ್ಲಂತೂ ಇಲ್ಲವೇ ಇಲ್ಲ. ಕಟ್ಟಿಕೊಂಡ ಹೆಂಡತಿಗೆ ಹೇಳದೆ ಇನ್ನಾರಿಗೆ ಹೇಳಲಿ? ಅದಕ್ಕೇ ಈ ಬರಹ. ಕಾಗದ ಎದುರುತ್ತರ ಕೊಡುವುದಿಲ್ಲ, ಅದೊಂದು ಅನುಕೂಲ.

ಸಂಗತಿ ಇಷ್ಟು. ಅಟ್ಲಾಂಟಾದ ಉತ್ತರಕ್ಕಿರುವ ಈ ಸುವಾನಿಯಲ್ಲಿ ನಾನೂ ಯಶವಂತನೂ ಮೂವತ್ತು ವರ್ಷದ ಹಿಂದೆ ಅಕ್ಕಪಕ್ಕದ ಜಾಗ ಕೊಂಡು ಮನೆ ಕಟ್ಟಿಸಿದೆವು. ನಡುವೆ ಬೇಲಿ ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಅಲ್ಲೊಂದು ಉದ್ದನೆಯ ಪಾತಿ ಮಾಡಿ ಅವರೆ, ಮೆಂತ್ಯ, ಬದನೆ ಬೆಳೆಯುತ್ತ ಬಂದಿದ್ದೇವೆ. ಬಂದಿದ್ದೇನೆ ಎಂದು ಬರೆಯಬೇಕು. ಈ ಏಪ್ರಿಲ್‌ನಲ್ಲಿ ಸರ್ವೇಯವನೊಬ್ಬ ಬಂದು ಪಾತಿಯಿಂದ ಈಚೆಗೆ, ನನ್ನ ಅಡುಗೆಮನೆಯ ಕಿಟಕಿಯ ಕೆಳಗೇ, ಗುಲಾಬಿ ಬಣ್ಣದ ಬಾವುಟಗಳನ್ನು ನೆಟ್ಟ. ಏನಪ್ಪಾ ಎಂದರೆ, ಪಕ್ಕದ ಮನೆ ಮಾರಾಟಕ್ಕಿದೆ, ಅದಕ್ಕೆ ಅಳತೆ ಎಂದ. ಕಾಗದದ ಪ್ರಕಾರ ಪಾತಿ ಪೂರ್ತಿ ಆ ಮನೆಗೆ ಸೇರಿದ್ದಂತೆ.

ಪಕ್ಕದ ಮನೆ ಮಾರುವ ಸುದ್ದಿ ನನಗೆ ಗೊತ್ತಾದದ್ದು ಸರ್ವೇಯವನ ಬಾಯಿಂದ! ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ಗೆ, ಮಗಳು ಮೇಧಾಳ ಹತ್ತಿರಕ್ಕೆ ಹೋಗುತ್ತಾರಂತೆ. ಯಶವಂತನ ಹೆಂಡತಿ ಶೈಲಜಾಳ ಕೈನಡುಕವನ್ನು ಮೊದಲು ಗುರುತಿಸಿ ಡಾಕ್ಟರ ಹತ್ತಿರ ಅಟ್ಟಿದವನು ನಾನು. ಪಾರ್ಕಿನ್ಸನ್ಸ್ ಎಂದು ತಿಳಿದ ದಿನ ಅವನು ಕೂತು ಅತ್ತದ್ದು ನನ್ನ ಗ್ಯಾರೇಜಿನಲ್ಲಿ. ಊರು ಬಿಡುವ ಮಾತು ಮಾತ್ರ ನನಗೆ ಹೇಳಬೇಕೆನಿಸಲಿಲ್ಲ.

ಅದಿರಲಿ. ನೆಲದ ಮಾತೇ ಬೇರೆ. ಇಷ್ಟು ವರ್ಷ ಉತ್ತು ಬಿತ್ತಿದ ನೆಲ ನನ್ನದು, ಕೇಸು ಹಾಕಿದ್ದೇನೆ. ಅದು ಮುಗಿಯುವ ತನಕ ಆ ಮನೆಯನ್ನು ಯಾರೂ ಕೊಳ್ಳುವುದಿಲ್ಲ ಎಂದು ನನ್ನ ಲಾಯರ್ ಧೀರಜ್ ಹೇಳಿದ. ಅದು ನನ್ನ ಉದ್ದೇಶವಲ್ಲ, ಕಾನೂನಿನ ಪರಿಣಾಮ ಅಷ್ಟೆ. ಇನ್ನು ಮುಂದೆ ಇಲ್ಲಿ ಅವನನ್ನು ಪ್ರತಿವಾದಿ ಎಂದೇ ಬರೆಯುತ್ತೇನೆ.

ಜೂನ್ 22, ಗುರುವಾರ

ಧೀರಜ್ ಬಂದಿದ್ದ. ನಮ್ಮ ಕನ್ನಡ ಸಂಘದ ಗೆಳೆಯ ಬದರಿನಾಥನ ಮಗ, ಇಲ್ಲೇ ಹುಟ್ಟಿದವನು. ಚಡ್ಡಿ ಹಾಕಿಕೊಂಡು ಯುಗಾದಿಯ ನಾಟಕದಲ್ಲಿ ಮೊಲದ ಪಾತ್ರ ಮಾಡುತ್ತಿದ್ದವನು ಈಗ ನನಗೆ ಕಾನೂನು ಹೇಳುತ್ತಾನೆ.

ನ್ಯಾಯಾಧೀಶರು ನಮ್ಮ ಕೇಸನ್ನು ತಾವೇ ಕೇಳುವುದಿಲ್ಲವಂತೆ. ಯಾಕೆ, ನಮ್ಮದು ಅಷ್ಟು ಕಡೆಗಣಿಸುವ ಕೇಸೇ ಎಂದೆ.

"ಹಾಗಲ್ಲ ಅಂಕಲ್. ಲ್ಯಾಂಡ್ ಟೈಟಲ್ ಕೇಸ್ ಅಂದ್ರೆ ಇಲ್ಲಿ ಸ್ಪೆಷಲ್ ಮಾಸ್ಟರ್ ಅಪಾಯಿಂಟ್ ಮಾಡ್ತಾರೆ. ಟೈಟಲ್ ಲಾ ಚೆನ್ನಾಗಿ ಗೊತ್ತಿರೋ ಲಾಯರ್. ಅವ್ರು ಬಂದು ಜಾಗ ನೋಡ್ತಾರೆ, ಎಲ್ಲರ ಮಾತು ಕೇಳ್ತಾರೆ, ಜಡ್ಜ್‌ಗೆ ರಿಪೋರ್ಟ್ ಕೊಡ್ತಾರೆ. ಮೋಸ್ಟ್ ಆಫ್ ದಿ ಟೈಮ್ ಜಡ್ಜ್ ಅದಕ್ಕೇ ಸೈನ್ ಮಾಡ್ತಾರೆ."

ಅಂದರೆ ಊರಿನ ಪಂಚಾಯಿತಿಗೆ ಒಬ್ಬರೇ ಪಂಚರು. ಒಳಗಿನಿಂದ ಜಯಾ, ತನ್ನ ಅಪ್ಪಣೆಯನ್ನು ತಾನೇ ಮುರಿದು, "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂದು ಪಾತ್ರೆಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಧೀರಜ್‌ಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಜುಲೈ 19, ಬುಧವಾರ

ಸ್ಪೆಷಲ್ ಮಾಸ್ಟರ್ ಯಾರಾಗಬೇಕೆಂದು ಎರಡೂ ಕಡೆಯವರು ಹೆಸರು ಸೂಚಿಸಬೇಕೆಂದು ನ್ಯಾಯಾಧೀಶರು ಹೇಳಿದ್ದರು. ಯಾರಿಗೂ ಯಾವ ಕಡೆಯ ನಂಟೂ ಇರಕೂಡದು.

ಪ್ರತಿವಾದಿಯ ಕಡೆಯವರು ಕೊಟ್ಟ ಮೊದಲ ಹೆಸರು ನೋಡಿ ನಗು ಬಂತು. ಆ ಮಹಾಶಯರಿಗೆ ಹಿಂದೊಮ್ಮೆ ಆಪರೇಷನ್ನಿಗೆ ಅರಿವಳಿಕೆ ಕೊಟ್ಟವನು ನಾನೇ. ಎಚ್ಚರವಾಗುವಾಗ ನನ್ನ ಕೈ ಹಿಡಿದುಕೊಂಡು, ಬಿಡದೆ, ತಮ್ಮ ಶಾಲೆಯ ಹಾಡು ಹಾಡಿದ್ದರು. ಆದರೆ ರೋಗಿಯ ಗುಟ್ಟು ಹೊರಗೆಡಹುವಂತಿಲ್ಲ. "ವೃತ್ತಿಯಿಂದ ಪರಿಚಯ" ಎಂದಷ್ಟೇ ಬರೆಸಿದೆ. ನಾವು ಕೊಟ್ಟ ಮೊದಲ ಹೆಸರಿನವರೋ, ಪ್ರತಿವಾದಿ ಜಾಗ ಕೊಂಡಾಗ ಕಾಗದಪತ್ರ ಮಾಡಿಕೊಟ್ಟವರೇ ಎಂದು ತಿಳಿಯಿತು. ಉಳಿದವರ ಮೇಲೂ ಆಚೆಗೊಂದು ಈಚೆಗೊಂದು ತಕರಾರು ಎದ್ದವು.

ನ್ಯಾಯಾಧೀಶರಿಗೆ ಸಾಕಾಗಿರಬೇಕು. ಎರಡೂ ಕಡೆಯ ಹೆಸರುಗಳನ್ನು ಪಕ್ಕಕ್ಕಿಟ್ಟು, ಯಾರಿಗೂ ಗೊತ್ತಿಲ್ಲದ ಮಿಸ್ ಲೊರೇನ್ ಟಾಲಿವರ್ ಎಂಬಾಕೆಯನ್ನು ನೇಮಿಸಿದ್ದಾರೆ. ಆಕೆ ಏನೇನು ಮಾಡಬಹುದು, ಮಾಡಬಾರದು ಎಂದು ಆದೇಶದಲ್ಲೇ ಬರೆದಿದೆ. ಆಕೆಯ ಖರ್ಚು ಇಬ್ಬರಿಗೂ ಸಮಪಾಲು. ಒಂದು ಕಡೆಯವರು ಇಲ್ಲದಾಗ ಇನ್ನೊಂದು ಕಡೆಯವರು ಆಕೆಯೊಡನೆ ಮಾತಾಡಕೂಡದು. ಕೇಸು ಮುಗಿಯುವವರೆಗೆ ಪಾತಿ ಇದ್ದ ಹಾಗೇ ಇರಬೇಕು, ಯಾರೂ ಅಗೆಯುವಂತಿಲ್ಲ, ನೆಡುವಂತಿಲ್ಲ, ಕೀಳುವಂತಿಲ್ಲ.

ಹೋದ ವರ್ಷ ಉದುರಿದ ಅವರೆ ಬೀಜ ತಾನೇ ಮೊಳೆತು ಆಗಲೇ ಮೊಣಕಾಲೆತ್ತರ ಬಂದಿದೆ. ಅದಕ್ಕೆ ಆದೇಶ ಓದಲು ಬರುವುದಿಲ್ಲವಲ್ಲ.

ಸೆಪ್ಟೆಂಬರ್ 17, ಭಾನುವಾರ

ಅವರೆ ಹೂ ಬಿಟ್ಟಿದೆ. ಪ್ರತಿವಾದಿ ತನ್ನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ನಾನು ನೋಡುತ್ತಿರುವುದು ಕಂಡು ಪರದೆ ಎಳೆದ. ಎಳೆಯಲಿ.

ಅಕ್ಟೋಬರ್ 15, ಭಾನುವಾರ

ನವರಾತ್ರಿ ಶುರು. ಜಯಾ ಬೆಳಗ್ಗೆ ಗ್ಯಾರೇಜಿನಿಂದ ಹಲಗೆಗಳನ್ನು ನನ್ನ ಕೈಲೇ ಹೊರಿಸಿ, ಹಾಲಿನಲ್ಲಿ ಗೊಂಬೆಯ ಮೆಟ್ಟಿಲು ಕಟ್ಟಿಸಿ, ಮೇಲೆ ಬಿಳಿ ಪಂಚೆ ಹಾಸಿದಳು. ಕೂರಿಸುವುದಕ್ಕೆ ಮಾತ್ರ ಒಂದು ಗೊಂಬೆಯೂ ಇಲ್ಲ.

ಮೊದಲಿನಿಂದಲೂ ಎರಡು ಮನೆಗೂ ಒಂದೇ ಹಬ್ಬ. ಹಲಗೆ ನಮ್ಮದು, ಗೊಂಬೆ ಶೈಲಜಾಳದು. ಇಬ್ಬರೂ ಕೂಡಿ ಕೂರಿಸುತ್ತಿದ್ದರು. ಪಟ್ಟದ ಗೊಂಬೆಗೆ ಸೀರೆ ಉಡಿಸುವುದರಲ್ಲಿ ಶೈಲಜಾಳನ್ನು ಬಿಟ್ಟರಿಲ್ಲ ಎಂದು ಜಯಾ ಹೇಳುತ್ತಿದ್ದಳು.

"ಬರೀ ಮೆಟ್ಲು ಇಟ್ಕೊಂಡು ಏನೇ ಮಾಡ್ತೀಯಾ?" ಎಂದೆ.

"ನಾನು ನನ್ನ ಪಾಲಿಂದು ಮಾಡಿದೀನಿ" ಎಂದಳು. ಆ ಖಾಲಿ ಮೆಟ್ಟಿಲಿಗೇ ಆರತಿಯನ್ನೂ ಎತ್ತಿದಳು. ನೋಡಲಾಗದೆ ಹೊರಗೆ ಹೋದೆ.

ಅಕ್ಟೋಬರ್ 20, ಶುಕ್ರವಾರ

ಇವತ್ತಿನದನ್ನು ಏನೆಂದು ಬರೆಯಲಿ!

ಮಿಸ್ ಟಾಲಿವರ್ ಜಾಗ ನೋಡಲು ಬಂದರು. ಅರವತ್ತರ ಹತ್ತಿರದ, ಎತ್ತರದ, ಕಪ್ಪು ಹೆಂಗಸು. ಬೂದು ಕೋಟು, ಕಾಲಿಗೆ ರಬ್ಬರ್ ಬೂಟು. ಹೆಚ್ಚು ಮಾತಿಲ್ಲ. ಎರಡೂ ಕಡೆಯ ಲಾಯರುಗಳು ಹಿಂದೆ ಹಿಂದೆ. ಪಾತಿಯುದ್ದಕ್ಕೂ ನಡೆದರು, ಬಾವುಟ ನೋಡಿದರು, ಒಂದು ಅವರೆಕಾಯಿಯನ್ನು ಮುಟ್ಟಿ ಬೆರಳು ಮೂಸಿಕೊಂಡರು. ಸೊಗಡು ಅಂಟಿಕೊಂಡಿತ್ತು. ಆಕೆ ಒರೆಸಿಕೊಳ್ಳಲಿಲ್ಲ, ಅದು ನನಗೆ ಹಿಡಿಸಿತು.

ನಮ್ಮ ಕಿಟಕಿಯಿಂದ ಪಾತಿ ಎಷ್ಟು ಕಾಣುತ್ತದೆಂದು ನೋಡಲು ಒಳಗೆ ಬಂದರು. ಬಾಗಿಲಲ್ಲೇ ಜಯಾ, ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು ನಿಂತಿದ್ದಾಳೆ! ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಮೇಲೊಂದು ಹಸಿರು ರವಿಕೆ ಬಟ್ಟೆ. ಧೀರಜ್ ಎರಡು ಹೆಜ್ಜೆ ಹಾರಿ ಮುಂದೆ ಬಂದ.

"ಆಂಟಿ, ನೋ, ಪ್ಲೀಸ್! ಗಿಫ್ಟ್ ಕೊಡಬಾರ್ದು ಅವ್ರಿಗೆ!"

"ಗಿಫ್ಟೂ? ಇದನ್ನ ಗಿಫ್ಟು ಅಂತಾರೇನೋ? ನವರಾತ್ರಿ ಶುಕ್ರವಾರ ಮನೆಗೆ ಬಂದ ಹೆಂಗಸನ್ನ ಬರಿಗೈಲಿ ಕಳಿಸ್ತಾರಾ? ನಿಮ್ಮಮ್ಮ ಇಷ್ಟೂ ಹೇಳ್ಕೊಟ್ಟಿಲ್ವಾ?"

ಹೇಳುತ್ತಲೇ ಆಕೆಯ ಹಣೆಗೆ ಕುಂಕುಮ ಇಟ್ಟು, ಕೈಗೆ ತಾಂಬೂಲ ಕೊಟ್ಟೇಬಿಟ್ಟಳು. ಪ್ರತಿವಾದಿಯ ಲಾಯರು ಬರೆದುಕೊಂಡ. ಮಿಸ್ ಟಾಲಿವರ್ ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಖಾಲಿ ಮೆಟ್ಟಿಲನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಪಕ್ಕದ ಮನೆ. ನಾನೂ ಹೋದೆ, ಹೋಗುವ ಹಕ್ಕು ನನಗಿತ್ತು. ಏಪ್ರಿಲ್‌ನಿಂದ ಆ ಹೊಸಿಲು ತುಳಿದಿರಲಿಲ್ಲ. ಊಟದ ಮೇಜಿನ ಮೇಲೆ ಗೊಂಬೆಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಬಸ್ಸಿಗೆ ಕಾದವರ ಹಾಗೆ. ಪಟ್ಟದ ರಾಣಿಯ ಸೀರೆಯ ನೆರಿಗೆ ಸರಿಯಾಗಿ ಬಂದಿರಲಿಲ್ಲ. ಶೈಲಜಾ ಕುರ್ಚಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಅಂಥದೇ ತಟ್ಟೆ, ಅಂಥದೇ ತೆಂಗಿನಕಾಯಿ! ಅವರ ಲಾಯರು ಹಣೆ ಚಚ್ಚಿಕೊಂಡ.

ಕುಂಕುಮ ಇಡಲು ಅವಳು ಕೈಯೆತ್ತಿದಾಗ ಕೈ ನಿಲ್ಲಲಿಲ್ಲ. ಅರ್ಧ ಕುಂಕುಮ ಬೂದು ಕೋಟಿನ ಮೇಲೆ ಸುರಿಯಿತು. ಮಿಸ್ ಟಾಲಿವರ್ ಮಂಡಿಯೂರಿ ಕೂತು, ಮುಖವನ್ನು ಅವಳ ಕೈಗೆ ಸಿಗುವಂತೆ ಹಿಡಿದು, ಆಗುವ ತನಕ ಕಾದರು.

"ಹೇಗಿದೀರಾ ಭಾವ?" ಎಂದಳು ಶೈಲಜಾ, ನನ್ನನ್ನು ನೋಡಿ.

"ಮಾತ್ರೆ ಎಷ್ಟು ಹೊತ್ತಿಗೊಂದು ತೊಗೋತಿದೀಯಮ್ಮಾ? ಒಂದರ ಪವರ್ ಇಳಿದ ಮೇಲೆ ಇನ್ನೊಂದು ತೊಗೋತಿರೋ ಹಾಗಿದೆ. ಡಾಕ್ಟರ್‌ಗೆ ಹೇಳಿ ಟೈಮ್ ಹತ್ತಿರ ಮಾಡ್ಸು."

ಪಕ್ಷಗಾರರು ಮಾತಾಡಕೂಡದೆಂದು ಅವರ ಲಾಯರು ಕೂಗಿದ. ನಾನು ಡಾಕ್ಟರಾಗಿ ಹೇಳಿದ್ದು, ಅದಕ್ಕೂ ಕೇಸಿಗೂ ಸಂಬಂಧವಿಲ್ಲ. ಪ್ರತಿವಾದಿ ಗೋಡೆ ನೋಡುತ್ತಾ ನಿಂತಿದ್ದ. ಬಹಳ ಇಳಿದುಹೋಗಿದ್ದಾನೆ.

ಅಕ್ಟೋಬರ್ 27, ಶುಕ್ರವಾರ

ಮಿಸ್ ಟಾಲಿವರ್ ಎರಡೂ ಕಡೆಗೆ ಒಂದು ತಿಳಿವಳಿಕೆ ಪತ್ರ ಕಳಿಸಿದ್ದಾರೆ. ಜಾಗ ನೋಡಿದ ದಿನ ಎರಡು ಮನೆಗಳಲ್ಲೂ ತಮಗೆ ಒಂದೊಂದು ತೆಂಗಿನಕಾಯಿ, ಹಣ್ಣು, ಎಲೆ, ಬಟ್ಟೆ ಸಿಕ್ಕಿತು, ಅವನ್ನು ಕೋರ್ಟಿನ ಕಚೇರಿಗೆ ಒಪ್ಪಿಸಿದ್ದಾರಂತೆ. ಹಣೆಗೆ ಇಟ್ಟ ಕೆಂಪು ಪುಡಿಯನ್ನು ಹಿಂದಿರುಗಿಸಲು ಸಾಧ್ಯವಾಗಲಿಲ್ಲ. ಇದರಿಂದ ತಮ್ಮ ನಿಷ್ಪಕ್ಷಪಾತದ ಮೇಲೆ ಯಾರಿಗಾದರೂ ಅನುಮಾನವಿದ್ದರೆ ಆಕ್ಷೇಪಣೆ ಸಲ್ಲಿಸಬಹುದು, ನ್ಯಾಯಾಧೀಶರು ಬೇರೆಯವರನ್ನು ನೇಮಿಸುತ್ತಾರೆ.

ಧೀರಜ್‌ಗೆ ಫೋನ್ ಮಾಡಿ ಕೇಳಿದೆ, ಹೊಸಬರನ್ನು ನೇಮಿಸಿದರೆ ಎಷ್ಟು ತಡವಾಗುತ್ತದೆ? ಆರು ತಿಂಗಳಾದರೂ ಆಗುತ್ತದೆ ಎಂದ. ಹೆಸರು ಕೊಡುವುದು, ಅಳೆಯುವುದು, ನೋಡುವುದು ಎಲ್ಲ ಮೊದಲಿಂದ. ಹಾಗಾದರೆ ಹಾಕು ಆಕ್ಷೇಪಣೆ ಎಂದೆ. "ಅಂಕಲ್, ನೀವು ಪ್ಲೇಂಟಿಫ್, ಕೇಸ್ ಹಾಕಿದವ್ರು. ಲೇಟ್ ಆದ್ರೆ ನಿಮಗೇನು ಲಾಭ?" ಎಂದ. ಹುಡುಗನಿಗೆ ಅನುಭವ ಸಾಲದು.

ತಿರುಗಿದರೆ ಹಿಂದೆ ಜಯಾ.

"ನಾನು ಇಟ್ಟ ಕುಂಕುಮಕ್ಕೆ ನೀವು ಅಬ್ಜೆಕ್ಷನ್ ಹಾಕ್ತೀರಾ?"

"ಹಾಗಲ್ವೇ, ಕಾನೂನಿನ ಪ್ರಕಾರ..."

"ಶೈಲಾ ಕೈ ನೋಡಿದ್ರಲ್ಲ? ಇನ್ನಾರು ತಿಂಗಳು ಅವಳನ್ನ ಮಗಳಿಂದ ದೂರ ಇಟ್ಕೊಂಡು ಏನ್ರೀ ಮಾಡ್ತೀರಾ? ಅವಳು ನಿಮ್ಮನ್ನ ಭಾವ ಅಂತಾಳೆ ರೀ ಇನ್ನೂ."

ಮೂಗು ಒರೆಸಿಕೊಂಡು ಒಳಗೆ ಹೋದಳು. ಆಕ್ಷೇಪಣೆ ಬೇಡವೆಂದು ಧೀರಜ್‌ಗೆ ತಿಳಿಸಿದೆ. ಹೆಂಡತಿಗೆ ಹೆದರಿ ಅಲ್ಲ. ಆಚೆ ಕಡೆಯವರೂ ಹಾಕಿಲ್ಲವಂತೆ.

ನವೆಂಬರ್ 12, ಭಾನುವಾರ

ದೀಪಾವಳಿ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು. ಅವರೆ ಬಳ್ಳಿ ಕಪ್ಪಾಯಿತು. ಒಂದು ಕಾಯಿಯನ್ನೂ ಯಾರೂ ಕೀಳಲಿಲ್ಲ. ಹಿತಕಿದ ಅವರೆಬೇಳೆ ಸಾರಿಲ್ಲದೆ ಕಳೆದ ಮೊದಲ ವರ್ಷ ಇದು.

ನವೆಂಬರ್ 28, ಮಂಗಳವಾರ

ನಾಡಿದ್ದು ವಿಚಾರಣೆ. ಏನು ಹೇಳಬೇಕೆಂದು ಧೀರಜ್ ಪಾಠ ಮಾಡಿದ.

"ಅಂಕಲ್, ಮೂರೇ ಮಾತು. ಇವು ಪ್ರೂವ್ ಆದ್ರೆ ಇಲ್ಲಿನ ಲಾ ಪ್ರಕಾರ ಜಾಗ ನಿಮ್ಮದೇ ಆಗುತ್ತೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ನೀವು ಆ ಜಾಗ ಯೂಸ್ ಮಾಡಿದೀರಿ. ನೀವೊಬ್ಬರೇ. ಅವರ ಪರ್ಮಿಷನ್ ಇಲ್ಲದೆ. ಅವ್ರು ಅಲ್ಲಿ ಏನೂ ಮಾಡ್ತಿರ್ಲಿಲ್ಲ ಅನ್ನೋದು ಇಂಪಾರ್ಟೆಂಟ್. ಸುಳ್ಳು ಹೇಳಿ ಅಂತಿಲ್ಲ. ಕೇಳಿದ್ದಕ್ಕೆ ಮಾತ್ರ ಆನ್ಸರ್ ಮಾಡಿ."

ಸರಿ. ಕಷ್ಟವೇನಿದೆ? ಉತ್ತು ಬಿತ್ತಿದ್ದು ನಾನೇ. ಗುದ್ದಲಿ ಅವನದಿತ್ತು, ಆ ಮಾತು ಬೇರೆ.

ನವೆಂಬರ್ 30, ಗುರುವಾರ

ವಿಚಾರಣೆ ಮುಗಿಯಿತು. ಕೋರ್ಟಿನಲ್ಲೂ ಅಲ್ಲ, ಒಂದು ಸಾಧಾರಣ ಕೋಣೆ. ಉದ್ದನೆಯ ಮೇಜು, ಒಂದು ತುದಿಗೆ ಮಿಸ್ ಟಾಲಿವರ್, ಈ ಬದಿಗೆ ನಾನು, ಎದುರು ಬದಿಗೆ ಯಶವಂತ್. ಶೈಲಜಾ ಬಂದಿರಲಿಲ್ಲ. ನಾನು ಉಡುಗೊರೆ ಕೊಟ್ಟಿದ್ದ ಸ್ವೆಟರನ್ನೇ ಅವನು ಹಾಕಿಕೊಂಡು ಬಂದಿದ್ದ. ಮರೆತು ಹಾಕಿಕೊಂಡನೋ ಏನೋ.

ಧೀರಜ್ ಕೇಳಿದ್ದಕ್ಕೆಲ್ಲ ಹೇಳಿಕೊಟ್ಟ ಹಾಗೇ ಹೇಳಿದೆ. ಎದುರಿನ ಲಾಯರು ಏನೇನೋ ಕೇಳಿದ, ಜಾರಿಕೊಂಡೆ. ಕೊನೆಗೆ ಮಿಸ್ ಟಾಲಿವರ್ ತಾವೇ ಕನ್ನಡಕ ತೆಗೆದು ಕೇಳಿದರು.

"ಡಾಕ್ಟರ್, ಮಿಸ್ಟರ್ ಯಶವಂತ್ ಆ ಪಾತಿಗೆ ಬರುತ್ತಿದ್ದರೇ?"

"ಬರುತ್ತಿದ್ದ."

"ಯಾವಾಗ?"

"ದಿನಾ ಸಂಜೆ ಐದಕ್ಕೆ. ನಾನು ಆಸ್ಪತ್ರೆಯಲ್ಲಿ ತಡವಾದ ದಿನ ನೀರು ಹಾಕುತ್ತಿದ್ದವನು ಅವನೇ. ನನಗೆ ಸಾಲು ಸರಿಯಾಗಿ ತೆಗೆಯಲು ಬರುವುದಿಲ್ಲ, ಅವನು ಇಂಜಿನಿಯರ್, ದಾರ ಕಟ್ಟಿ ತೆಗೆಯುತ್ತಿದ್ದ."

"ಬಂದಾಗ, ಇದು ನನ್ನ ಜಾಗ, ಹೊರಡಿ ಎಂದು ನೀವು ಎಂದಾದರೂ ಹೇಳಿದ್ದಿರಾ?"

"ಹೊರಡು ಎನ್ನುವುದೆ? ಅವನು ಬರದ ದಿನ ನಾನೇ ಫೋನ್ ಮಾಡುತ್ತಿದ್ದೆ."

ಧೀರಜ್ ಪೆನ್ನು ಕೆಳಗಿಟ್ಟ. ಎದುರಿನ ಲಾಯರು ಇನ್ನು ತನ್ನ ಪ್ರಶ್ನೆಗಳೇನೂ ಇಲ್ಲವೆಂದ. ಯಶವಂತ್ ತಲೆ ತಗ್ಗಿಸಿ ಸ್ವೆಟರಿನ ಗುಂಡಿ ತಿರುಗಿಸುತ್ತಿದ್ದ. ಚೆನ್ನಾಗಿಯೇ ಹೇಳಿದೆ ಅನ್ನಿಸುತ್ತದೆ. ಬರುವಾಗ ಧೀರಜ್ ಕಾರನ್ನು ಬಹಳ ನಿಧಾನವಾಗಿ ಓಡಿಸಿದ, ಆಯಾಸವಾಗಿರಬೇಕು. ಇವತ್ತು ನನಗೆ ಒಳ್ಳೆಯ ನಿದ್ದೆ ಬರುವ ಹಾಗಿದೆ.

2024, ಫೆಬ್ರವರಿ 16, ಶುಕ್ರವಾರ

ಮಿಸ್ ಟಾಲಿವರ್ ವರದಿ ಕೊಟ್ಟಿದ್ದಾರೆ. ಸೋತೆ.

ಇಬ್ಬರೂ ಒಬ್ಬರಿಗೊಬ್ಬರು ಅಪ್ಪಣೆ ಕೇಳುವ ಅಗತ್ಯವೂ ಬೀಳದಷ್ಟು ಸಲಿಗೆಯಿಂದ ಆ ನೆಲವನ್ನು ಒಟ್ಟಿಗೆ ಅನುಭವಿಸಿದ್ದಾರೆ, ಒಬ್ಬರು ಇನ್ನೊಬ್ಬರ ವಿರುದ್ಧವಾಗಿ ಅಲ್ಲ. ಆದ್ದರಿಂದ ಕಾಗದದ ಗಡಿಯೇ ಗಡಿ ಎಂದು ಬರೆದಿದ್ದಾರೆ. ಕೆಳಗೊಂದು ಅಡಿಟಿಪ್ಪಣಿ: "ಒಂದು ಮನೆಯಲ್ಲಿ ಗೊಂಬೆಗಳಿಲ್ಲದ ಮೆಟ್ಟಿಲುಗಳನ್ನು ಕಂಡೆ. ಇನ್ನೊಂದರಲ್ಲಿ ಮೆಟ್ಟಿಲುಗಳಿಲ್ಲದ ಗೊಂಬೆಗಳನ್ನು ಕಂಡೆ. ಇದು ನೆಲದ ಹಕ್ಕಿಗೆ ಸಾಕ್ಷ್ಯವಲ್ಲ. ನೋಡಿದ್ದರಿಂದ ದಾಖಲಿಸುತ್ತಿದ್ದೇನೆ."

ಇದೇನು ಕಾನೂನೇ? ಸಾಕ್ಷ್ಯವಲ್ಲದ್ದನ್ನು ಯಾಕೆ ಬರೆಯಬೇಕು? ಸಿಟ್ಟಿನಲ್ಲಿ ಅದನ್ನೇ ಮತ್ತೆ ಮತ್ತೆ ಓದಿದೆ. ಜಯಾಳಿಗೂ ಓದಿ ಹೇಳಿದೆ. ಅವಳು ಬೇಡವೆನ್ನಲಿಲ್ಲ.

ವರದಿಗೆ ಆಕ್ಷೇಪಣೆ ಹಾಕಲು ಇನ್ನೂ ಸಮಯವಿದೆ, ಹಾಕಿದರೆ ಬೇಸಿಗೆಯವರೆಗೂ ಎಳೆಯಬಹುದು ಎಂದ ಧೀರಜ್. ನೋಡೋಣ.

ಮಾರ್ಚ್ 7, ಗುರುವಾರ

ಆಕ್ಷೇಪಣೆಯ ಗಡುವು ನಿನ್ನೆಗೆ ಮುಗಿಯಿತಂತೆ. ಮರೆತೇಹೋಗಿತ್ತು. ಶೈಲಜಾಳ ಮಾತ್ರೆಯ ಹೊತ್ತು ಹೇಗೆ ಹೊಂದಿಸಬೇಕೆಂದು ಬರೆದು ಜಯಾಳ ಕೈಲಿ ಕಳಿಸುವುದರಲ್ಲೇ ದಿನ ಹೋಯಿತು.

ಏಪ್ರಿಲ್ 13, ಶನಿವಾರ

ಬೆಳಗ್ಗೆ ಪಕ್ಕದ ಮನೆಯ ಮುಂದೆ ದೊಡ್ಡ ಟ್ರಕ್ ಬಂದು ನಿಂತಿತು. ಜಯಾ ಆಗಲೇ ಅಲ್ಲಿದ್ದಳು, ಗೊಂಬೆಗಳನ್ನು ಶೈಲಾಳ ಹಳೇ ಸೀರೆಗಳಲ್ಲಿ ಸುತ್ತುತ್ತಾ. ಹತ್ತು ಗಂಟೆಗೆ ಬಂದು, "ರೀ, ಹಲಗೆ ತೊಗೊಂಡ್ಬನ್ನಿ" ಎಂದಳು.

"ಯಾವ ಹಲಗೆ?"

"ಮೆಟ್ಲಿಂದು. ಅವಳ ಜೊತೆ ಹೋಗ್ಲಿ. ಒಂದು ಕಡೆ ಆದ್ರೂ ಎರಡೂ ಇರ್ಲಿ."

ಇಷ್ಟು ಭಾರದ ಹಲಗೆ ಈ ವಯಸ್ಸಿನಲ್ಲಿ ಒಬ್ಬನೇ ಹೇಗೆ ಹೊರಲಿ ಎಂದು ಗ್ಯಾರೇಜಿನಲ್ಲಿ ಗೊಣಗುತ್ತಿದ್ದೆ. ಇನ್ನೊಂದು ತುದಿ ಮೇಲೆದ್ದಿತು. ಯಶವಂತ್. ಇಬ್ಬರೂ ಹೊತ್ತುಕೊಂಡು ಪಾತಿಯ ಮೇಲೇ ನಡೆದೆವು. ನಡುವೆ ಅವನು ಉಸಿರು ಬಿಡಲು ನಿಂತ.

"ಯಾಕೋ ಹೇಳ್ಲಿಲ್ಲ ನಂಗೆ?" ಎಂದೆ. ವರ್ಷದಿಂದ ಕೇಳಬೇಕಾಗಿದ್ದದ್ದು ಇದೊಂದೇ.

ಅವನು ಹಲಗೆ ಕೆಳಗಿಳಿಸಲಿಲ್ಲ. "ನಿಮ್ಗೆ ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ ಡಾಕ್ಟ್ರೇ."

ಮಿಕ್ಕ ಹಲಗೆಗಳನ್ನೂ ಹೊತ್ತೆವು. ಹೊರಡುವಾಗ ಶೈಲಾ ಕಾರಿನ ಕಿಟಕಿಯಿಂದ ಕೈ ಹೊರಗೆ ಹಾಕಿದಳು. ನಡುಕ ಮೊದಲಿಗಿಂತ ಕಡಿಮೆ, ಮಾತ್ರೆಯ ಹೊತ್ತು ಸರಿಯಾಗಿದೆ. "ಹಬ್ಬಕ್ಕೆ ಬನ್ನಿ ಭಾವ" ಎಂದಳು. ಬಿಸಿಲಿಗೆ ಕಣ್ಣಲ್ಲಿ ನೀರು ಬಂದು ಸರಿಯಾಗಿ ಕಾಣಲಿಲ್ಲ.

ಏಪ್ರಿಲ್ 16, ಮಂಗಳವಾರ

ಕೇಸಿನ ಮಾತು ಬರೆಯಲು ಶುರುಮಾಡಿದ ಪುಸ್ತಕ ಇದು. ಕೇಸು ಮುಗಿಯಿತು, ಇನ್ನೇನು ಬರೆಯಲಿ?

ಸಂಜೆ ಐದಕ್ಕೆ ಹಿತ್ತಿಲಿಗೆ ಹೋದೆ. ಯಾರೂ ಕೀಳದೆ ಬಿಟ್ಟ ಕಾಯಿಗಳಿಂದ ಉದುರಿದ ಅವರೆ ಪಾತಿಯ ತುಂಬ ಮೊಳೆತಿದೆ. ಅದೀಗ ಹೊಸಬರ ನೆಲ, ಬಾವುಟದ ಈಚೆಗೇ ನಿಂತುಕೊಂಡೆ. ಯಶವಂತ್ ಬರಲಿಲ್ಲ.

ಫೋನ್ ಮಾಡಿದೆ.